ಆಹಾರ ಕೀಟಗಳು ಮತ್ತು ಸಾಕು ಸರೀಸೃಪಗಳ ಪರಾವಲಂಬಿ ಸೋಂಕು

ಸಾಕಿದ ಹಲ್ಲಿ, ಗೋಸುಂಬೆ, ಆಮೆ ಮುಂತಾದ ಸರೀಸೃಪಗಳಿಗೆ ಜೀವಂತ ಕೀಟಗಳನ್ನು ಆಹಾರವಾಗಿ ಕೊಡುವಾಗ, ಆ ಕೀಟಗಳ ಮೂಲಕ ಪರಾವಲಂಬಿ ಜೀವಿಗಳು ಸರೀಸೃಪದ ದೇಹವನ್ನು ಸೇರುವ ಸಾಧ್ಯತೆಯಿದೆ. ಈ ಸೋಂಕು ಮುಖ್ಯವಾಗಿ ಎರಡು ಬಗೆಯಲ್ಲಿ ಉಂಟಾಗುತ್ತದೆ. ಮೊದಲನೆಯದರಲ್ಲಿ ಪರಾವಲಂಬಿಯು ತನ್ನ ಬೆಳವಣಿಗೆಯ ಒಂದು ಹಂತವನ್ನು ಕೀಟದ ದೇಹದೊಳಗೇ ಕಳೆಯುತ್ತದೆ. ಎರಡನೆಯದರಲ್ಲಿ ಕೀಟವು ಸೋಂಕಿತ ಮಲವನ್ನು ತಿಂದು ಅಥವಾ ಮೈಗೆ ಮೆತ್ತಿಕೊಂಡು, ಅದರಲ್ಲಿರುವ ಮೊಟ್ಟೆ ಇಲ್ಲವೇ ಕೋಶಗಳನ್ನು ಕೇವಲ ಹೊತ್ತು ತರುತ್ತದೆ. ಮನೆಯಲ್ಲಿ ಸಾಕಿದ ಪ್ರಾಣಿಗಳಲ್ಲಿ ಎರಡನೆಯ ಬಗೆಯೇ ಹೆಚ್ಚು ಮಹತ್ವದ್ದು. ಅನೇಕ ವೇಳೆ ಕೀಟವು ಹೊತ್ತು ತರುವ ಸೋಂಕಿನ ಮೂಲ ಅದೇ ಗೂಡಿನಲ್ಲಿರುವ ಸರೀಸೃಪದ ಮಲವೇ ಆಗಿರುತ್ತದೆ. ಆದ್ದರಿಂದ ಕೀಟಗಳನ್ನು ಎಲ್ಲಿಂದ ತರಲಾಗಿದೆ ಎಂಬುದರಷ್ಟೇ, ಗೂಡನ್ನು ಹೇಗೆ ಇಟ್ಟುಕೊಳ್ಳಲಾಗಿದೆ ಎಂಬುದೂ ಮುಖ್ಯವಾಗುತ್ತದೆ.

ಹಿನ್ನೆಲೆ

ಸಾಕು ಸರೀಸೃಪಗಳಲ್ಲಿ ಬಹುಪಾಲು ಹಲ್ಲಿಗಳು ಕೀಟಾಹಾರಿಗಳು ಅಥವಾ ಮಿಶ್ರಾಹಾರಿಗಳು. ಆಸ್ಟ್ರೇಲಿಯಾ ಮೂಲದ ಗಡ್ಡದ ಡ್ರ್ಯಾಗನ್ ಹಲ್ಲಿ, ದಕ್ಷಿಣ ಏಷ್ಯಾದ ಒಣಪ್ರದೇಶಗಳ ಚಿರತೆ ಹಲ್ಲಿ ಎಂದು ಕರೆಯಲಾಗುವ ಲೆಪರ್ಡ್ ಗೆಕ್ಕೊ ಹಾಗೂ ವಿವಿಧ ಗೋಸುಂಬೆಗಳು ಜಗತ್ತಿನ ಹಲವು ದೇಶಗಳಲ್ಲಿ ಸಾಕುಪ್ರಾಣಿಗಳಾಗಿವೆ. ಇವುಗಳಲ್ಲಿ ಅನೇಕವು ಚಲಿಸುವ ಬೇಟೆಯನ್ನು ಮಾತ್ರ ಗುರುತಿಸಿ ಹಿಡಿಯುವುದರಿಂದ ಅವುಗಳಿಗೆ ಜೀವಂತ ಕೀಟಗಳನ್ನೇ ಕೊಡುವುದು ರೂಢಿ. ಹೀಗೆ ಆಹಾರಕ್ಕಾಗಿಯೇ ಸಾಕಿ ಮಾರಲಾಗುವ ಕೀಟಗಳನ್ನು ಆಹಾರ ಕೀಟಗಳು ಎನ್ನಲಾಗುತ್ತದೆ.

ಸಾಮಾನ್ಯವಾಗಿ ಬಳಕೆಯಲ್ಲಿರುವ ಆಹಾರ ಕೀಟಗಳು ಹೀಗಿವೆ:

- ಮಿಡತೆಯ ಸಂಬಂಧಿಯಾದ, ರಾತ್ರಿ ವೇಳೆ ಚಿರ್‌ಗುಟ್ಟುವ ಕ್ರಿಕೆಟ್ ಕೀಟಗಳು. ಇವುಗಳಲ್ಲಿ ಅಕೀಟಾ ಡೊಮೆಸ್ಟಿಕಸ್ ಮತ್ತು ಗ್ರಿಲ್ಲಸ್ ಬೈಮ್ಯಾಕ್ಯುಲೇಟಸ್ ಪ್ರಭೇದಗಳು ಮುಖ್ಯವಾದವು.
- ಡುಬಿಯಾ ಜಿರಳೆ, ಮಡಗಾಸ್ಕರದ ಬುಸುಗುಟ್ಟುವ ಜಿರಳೆ ಮುಂತಾದ ಜಿರಳೆಗಳು.
- ಮೀಲ್‌ವರ್ಮ್ ಎಂದು ಮಾರಲಾಗುವ ಟೆನೆಬ್ರಿಯೊ ಮಾಲಿಟರ್ ದುಂಬಿಯ ಮರಿಹುಳುಗಳು.
- ವಲಸೆ ಮಿಡತೆಗಳು, ಕಪ್ಪು ಸೈನಿಕ ನೊಣದ ಮರಿಹುಳುಗಳು, ಮೇಣದ ಪತಂಗದ ಮರಿಹುಳುಗಳು ಮತ್ತು ರೇಷ್ಮೆ ಹುಳುಗಳು.

ಈ ಕೀಟಗಳು ಸಾವಿರಾರು ಸಂಖ್ಯೆಯಲ್ಲಿ, ಇಕ್ಕಟ್ಟಾದ ಪೆಟ್ಟಿಗೆಗಳಲ್ಲಿ ಬೆಳೆಯುತ್ತವೆ. ಕ್ರಿಕೆಟ್ ಕೀಟಗಳು ಮತ್ತು ಜಿರಳೆಗಳು ಸತ್ತ ಸಂಗಾತಿಗಳನ್ನೂ ಮಲವನ್ನೂ ತಿನ್ನುವ ಸ್ವಭಾವದವು. ಒಂದು ಪೆಟ್ಟಿಗೆಗೆ ಸೋಂಕು ಹೊಕ್ಕರೆ ಅದು ಬೇಗನೆ ಹರಡಲು ಈ ಎರಡು ಕಾರಣಗಳೇ ಸಾಕು.

ಸೋಂಕು ತಲುಪುವ ಬಗೆಗಳು

ಮಧ್ಯಂತರ ಆತಿಥೇಯವಾಗಿ ಕೀಟ

ಕೆಲವು ಪರಾವಲಂಬಿಗಳು ಒಂದು ಪ್ರಾಣಿಯ ದೇಹದಿಂದ ಇನ್ನೊಂದು ಪ್ರಾಣಿಗೆ ನೇರವಾಗಿ ಹೋಗಲಾರವು. ಮಲದೊಂದಿಗೆ ಹೊರಬಿದ್ದ ಅವುಗಳ ಮೊಟ್ಟೆಯನ್ನು ಒಂದು ಕೀಟ ತಿನ್ನಬೇಕು. ಮೊಟ್ಟೆಯೊಡೆದ ಮರಿಯು ಕೀಟದೊಳಗೆ ಬೆಳೆದು ಸೋಂಕುಕಾರಕ ಹಂತವನ್ನು ಮುಟ್ಟಬೇಕು. ಆ ಕೀಟವನ್ನು ಸರೀಸೃಪ ತಿಂದಾಗಷ್ಟೇ ಪರಾವಲಂಬಿ ಪ್ರೌಢವಾಗುತ್ತದೆ. ಇಲ್ಲಿ ಕೀಟವು ಮಧ್ಯಂತರ ಆತಿಥೇಯ, ಸರೀಸೃಪವು ಅಂತಿಮ ಆತಿಥೇಯ. ಕೀಟಕ್ಕೆ ಸೋಂಕಿತ ಮಲ ಸಿಗದಂತೆ ನೋಡಿಕೊಂಡರೆ ಈ ಚಕ್ರ ಅಲ್ಲಿಗೇ ನಿಲ್ಲುತ್ತದೆ.

ಯಾಂತ್ರಿಕ ವಾಹಕವಾಗಿ ಕೀಟ

ಇನ್ನು ಕೆಲವು ಪರಾವಲಂಬಿಗಳಿಗೆ ಮಧ್ಯಂತರ ಆತಿಥೇಯ ಬೇಕಿಲ್ಲ. ಅವುಗಳ ಮೊಟ್ಟೆ ಅಥವಾ ಕೋಶ ನೇರವಾಗಿ ಬಾಯಿ ಸೇರಿದರೆ ಸೋಂಕು ತಗಲುತ್ತದೆ. ಗೂಡಿನಲ್ಲಿ ತಿನ್ನದೆ ಉಳಿದ ಕೀಟವು ಮಲದ ಮೇಲೆ ಓಡಾಡುತ್ತದೆ, ಅದನ್ನು ಮೇಯುತ್ತದೆ. ಮರುದಿನ ಅದೇ ಕೀಟವನ್ನು ಸರೀಸೃಪ ತಿನ್ನುತ್ತದೆ. ಕೀಟದೊಳಗೆ ಪರಾವಲಂಬಿಯು ಬೆಳೆಯದಿದ್ದರೂ ಹಾದುಬರುವಷ್ಟು ಕಾಲ ಜೀವಂತವಾಗಿ ಉಳಿದರೆ ಸಾಕು. ಒಂದೇ ಪಾತ್ರೆಯ ಕೀಟಗಳನ್ನು ಒಂದು ಗೂಡಿಗೆ ಹಾಕಿ, ಮಿಕ್ಕವನ್ನು ಹಿಡಿದು ಇನ್ನೊಂದು ಗೂಡಿಗೆ ಹಾಕುವ ಅಭ್ಯಾಸದಿಂದ ಒಂದು ಪ್ರಾಣಿಯ ಸೋಂಕು ಮನೆಯ ಎಲ್ಲ ಪ್ರಾಣಿಗಳಿಗೂ ಹಬ್ಬಬಹುದು.

ಹಾದುಹೋಗುವ ಪರಾವಲಂಬಿಗಳು

ಕೀಟಗಳಿಗೆ ಮಾತ್ರ ಸೋಂಕು ಉಂಟುಮಾಡುವ ಜೀವಿಗಳು ಸರೀಸೃಪದ ಕರುಳಿನಲ್ಲಿ ನೆಲೆಸದೆ ಮಲದೊಂದಿಗೆ ಹೊರಬರುತ್ತವೆ. ಸೂಕ್ಷ್ಮದರ್ಶಕದಲ್ಲಿ ಇವು ನಿಜವಾದ ಪರಾವಲಂಬಿಗಳಂತೆಯೇ ಕಾಣಬಹುದು. ಇವನ್ನು ಹುಸಿ ಪರಾವಲಂಬಿಗಳು ಎನ್ನುತ್ತಾರೆ. ಇವುಗಳನ್ನು ತಪ್ಪಾಗಿ ಗುರುತಿಸಿದರೆ ರೋಗವಿಲ್ಲದ ಪ್ರಾಣಿಗೆ ಔಷಧ ಕೊಟ್ಟಂತಾಗುತ್ತದೆ.

ಮುಖ್ಯ ಪರಾವಲಂಬಿಗಳು

ಕಾಕ್ಸಿಡಿಯಾ

ಕಾಕ್ಸಿಡಿಯಾ ಕರುಳಿನ ಜೀವಕೋಶಗಳೊಳಗೆ ವೃದ್ಧಿಸುವ ಏಕಕೋಶ ಪರಾವಲಂಬಿಗಳ ಗುಂಪು. ಗಡ್ಡದ ಡ್ರ್ಯಾಗನ್ ಹಲ್ಲಿಗಳಲ್ಲಿ ಐಸೊಸ್ಪೋರಾ ಆಂಫಿಬೊಲುರಿ ಎಂಬ ಪ್ರಭೇದ ಸಾಮಾನ್ಯವಾಗಿ ಕಂಡುಬರುತ್ತದೆ. ಮರಿಗಳಲ್ಲಿ ಭೇದಿ, ತೂಕ ಇಳಿಕೆ ಮತ್ತು ಕುಂಠಿತ ಬೆಳವಣಿಗೆ ಇದರ ಲಕ್ಷಣಗಳು. ಈ ಗುಂಪಿನ ಕೋಶಗಳು ಮಲದೊಂದಿಗೆ ಹೊರಬಿದ್ದ ಕ್ಷಣದಲ್ಲಿ ಸೋಂಕು ತರಲಾರವು. ತೇವ ಮತ್ತು ಶಾಖವಿರುವ ಕಡೆ ಕೆಲಕಾಲ ಪಕ್ವವಾಗಬೇಕು. ಮಲವನ್ನು ಅಂದಂದೇ ತೆಗೆಯುವುದರಿಂದ ಸೋಂಕಿನ ಹೊರೆ ಗಣನೀಯವಾಗಿ ಇಳಿಯುವುದು ಈ ಕಾರಣದಿಂದಲೇ. ಐಸೊಸ್ಪೋರಾಕ್ಕೆ ಕೀಟವು ಮಧ್ಯಂತರ ಆತಿಥೇಯವಲ್ಲ, ಕೇವಲ ವಾಹಕ.

ಕ್ರಿಪ್ಟೊಸ್ಪೊರಿಡಿಯಮ್

ಕೀಟಗಳು ಹೊತ್ತು ತರಬಲ್ಲ ಸೋಂಕುಗಳಲ್ಲಿ ಸಾಕಣೆದಾರರಿಗೆ ಅತ್ಯಂತ ಕಳವಳಕಾರಿಯಾದದ್ದು ಇದು. ಹಲ್ಲಿಗಳ ಸಣ್ಣ ಕರುಳನ್ನು ಬಾಧಿಸುವ ಪ್ರಭೇದ ಕ್ರಿಪ್ಟೊಸ್ಪೊರಿಡಿಯಮ್ ವರಾನೀ. 1995ರಲ್ಲಿ ಒಂದು ಜಾತಿಯ ಉಡದಲ್ಲಿ ಗುರುತಿಸಿ ಇದಕ್ಕೆ ಹೆಸರಿಡಲಾಯಿತು. 1998ರಲ್ಲಿ ಸಾರೊಫೈಲಮ್ ಎಂದು ಬೇರೆಯಾಗಿ ವರ್ಣಿಸಲಾದ ಪ್ರಭೇದವೂ ಇದೇ ಎಂದು ಈಗ ಪರಿಗಣಿಸಲಾಗುತ್ತದೆ. ಹಾವುಗಳಲ್ಲಿ ಕ್ರಿಪ್ಟೊಸ್ಪೊರಿಡಿಯಮ್ ಸರ್ಪೆಂಟಿಸ್ ಎಂಬ ಪ್ರಭೇದವು ಜಠರದ ಗೋಡೆಯನ್ನು ದಪ್ಪವಾಗಿಸಿ, ನುಂಗಿದ ಆಹಾರವನ್ನು ವಾಂತಿ ಮಾಡಿಸುತ್ತದೆ.

ಲೆಪರ್ಡ್ ಗೆಕ್ಕೊ ತನ್ನ ಕೊಬ್ಬನ್ನು ಬಾಲದಲ್ಲಿ ಶೇಖರಿಸಿಕೊಳ್ಳುತ್ತದೆ. ಈ ಸೋಂಕು ತಗಲಿದ ಹಲ್ಲಿಯ ದಪ್ಪ ಬಾಲ ಕ್ರಮೇಣ ಕರಗಿ ಕಡ್ಡಿಯಂತಾಗುವುದು ಮೊದಲು ಕಣ್ಣಿಗೆ ಬೀಳುವ ಚಿಹ್ನೆ. ಇದರ ಕೋಶಗಳು ಕೆಲವೇ ಮೈಕ್ರೋಮೀಟರ್ ಗಾತ್ರದವು. ಮಲದೊಂದಿಗೆ ಹೊರಬೀಳುವಾಗಲೇ ಸೋಂಕುಕಾರಕವಾಗಿರುತ್ತವೆ. ಮನೆಬಳಕೆಯ ಕ್ಲೋರಿನ್ ದ್ರಾವಣಕ್ಕೆ ಸುಲಭವಾಗಿ ಸಾಯುವುದಿಲ್ಲ. ಸರೀಸೃಪಗಳಲ್ಲಿ ಇದನ್ನು ಸಂಪೂರ್ಣವಾಗಿ ಗುಣಪಡಿಸುವ ಭರವಸೆಯ ಔಷಧವಿಲ್ಲ. ಹೊರನೋಟಕ್ಕೆ ಆರೋಗ್ಯವಾಗಿರುವ ಹಲ್ಲಿಯೂ ಕೋಶಗಳನ್ನು ಆಗಾಗ್ಗೆ ಹೊರಹಾಕುತ್ತಿರಬಹುದು.

ಪಿನ್‌ವರ್ಮ್‌ಗಳು

ಸರೀಸೃಪಗಳ ಹಿಂಗರುಳಿನಲ್ಲಿ ವಾಸಿಸುವ ಸಣ್ಣ ದುಂಡುಹುಳುಗಳಿವು. ಹೆಚ್ಚಿನವು ಫ್ಯಾರಿಂಗೊಡಾನಿಡೀ ಕುಟುಂಬಕ್ಕೆ ಸೇರಿವೆ. ಕ್ರಿಕೆಟ್ ಕೀಟಗಳೇ ಪಿನ್‌ವರ್ಮ್‌ಗಳ ಮೂಲ ಎಂಬ ನಂಬಿಕೆ ಸಾಕಣೆದಾರರಲ್ಲಿ ವ್ಯಾಪಕವಾಗಿದೆ. ವಾಸ್ತವದಲ್ಲಿ ಈ ಹುಳುಗಳ ಜೀವನಚಕ್ರ ನೇರವಾದದ್ದು, ಕೀಟದ ನೆರವು ಅದಕ್ಕೆ ಬೇಕಿಲ್ಲ. ಜಿರಳೆಗಳ ಕರುಳಿನಲ್ಲಿಯೂ ಪಿನ್‌ವರ್ಮ್ ಬಳಗದ ಹುಳುಗಳಿರುವುದು ನಿಜ. ಆದರೆ ಅವು ಥೆಲಾಸ್ಟೊಮಾಟಿಡೀ ಎಂಬ ಬೇರೆ ಕುಟುಂಬದವು, ಸರೀಸೃಪಗಳಲ್ಲಿ ನೆಲೆಸುವುದಿಲ್ಲ. ಜಿರಳೆ ತಿಂದ ಹಲ್ಲಿಯ ಮಲದಲ್ಲಿ ಇವುಗಳ ಮೊಟ್ಟೆಗಳು ಕಂಡಾಗ ಗೊಂದಲ ಉಂಟಾಗುತ್ತದೆ. ನಿಜವಾದ ಪಿನ್‌ವರ್ಮ್‌ಗಳೂ ಅಲ್ಪ ಸಂಖ್ಯೆಯಲ್ಲಿದ್ದಾಗ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ.

ಜಠರದ ದುಂಡುಹುಳುಗಳು

ಫೈಸಲಾಪ್ಟೆರಾ ಕುಲದ ಹುಳುಗಳು ಹಲ್ಲಿಗಳ ಜಠರದ ಗೋಡೆಗೆ ಕಚ್ಚಿಕೊಂಡು ಉರಿಯೂತ ಮತ್ತು ಹುಣ್ಣನ್ನು ಉಂಟುಮಾಡಬಲ್ಲವು. ಇವುಗಳಿಗೆ ಕ್ರಿಕೆಟ್ ಕೀಟ, ಜಿರಳೆ ಮತ್ತು ದುಂಬಿಗಳು ನಿಜವಾದ ಮಧ್ಯಂತರ ಆತಿಥೇಯಗಳು. ಕಾಡಿನಿಂದ ಹಿಡಿದು ತಂದ ಹಲ್ಲಿಗಳಲ್ಲಿ ಇವು ಕಾಣುವುದೇ ಹೆಚ್ಚು. ಮುಚ್ಚಿದ ಪೆಟ್ಟಿಗೆಗಳಲ್ಲಿ, ಸರೀಸೃಪಗಳ ಮಲದ ಸಂಪರ್ಕವಿಲ್ಲದೆ ಬೆಳೆದ ಕೀಟಗಳಿಂದ ಈ ಹುಳು ಬರುವ ಸಂಭವ ಕಡಿಮೆ.

ಲಾಡಿಹುಳುಗಳು

ಊಕೊರಿಸ್ಟಿಕಾ ಕುಲದ ಲಾಡಿಹುಳುಗಳು ಹಲ್ಲಿಗಳ ಕರುಳಿನಲ್ಲಿ ವಾಸಿಸುತ್ತವೆ. ಹಿಟ್ಟು, ಧಾನ್ಯಗಳಲ್ಲಿ ಬೆಳೆಯುವ ಟೆನೆಬ್ರಿಯೊ ಮತ್ತು ಟ್ರೈಬೋಲಿಯಮ್ ದುಂಬಿಗಳು ಈ ಹುಳುವಿಗೆ ಮಧ್ಯಂತರ ಆತಿಥೇಯಗಳಾಗಬಲ್ಲವು. ಇಲಿಗಳ ಲಾಡಿಹುಳುವಾದ ಹೈಮೆನೊಲೆಪಿಸ್ ಡಿಮಿನ್ಯೂಟಾ ಕೂಡ ಇದೇ ದುಂಬಿಗಳ ಮೂಲಕ ಬೆಳೆಯುವುದರಿಂದ, ಕೀಟ ಸಾಕುವ ಜಾಗಕ್ಕೆ ಇಲಿ, ಹಲ್ಲಿಗಳ ಪ್ರವೇಶವಿರಬಾರದು.

ನಾಲಿಗೆ ಹುಳುಗಳು

ಪೆಂಟಾಸ್ಟೊಮಿಡಾ ಅಥವಾ ನಾಲಿಗೆ ಹುಳುಗಳು ಹುಳುಗಳಂತೆ ಕಂಡರೂ ಏಡಿ, ಸೀಗಡಿಗಳ ವರ್ಗವಾದ ಕಠಿಣಚರ್ಮಿಗಳ ಸಂಬಂಧಿಗಳು. ಪ್ರೌಢ ಜೀವಿಗಳು ಸರೀಸೃಪದ ಶ್ವಾಸಕೋಶದಲ್ಲಿದ್ದು ರಕ್ತ ಹೀರುತ್ತವೆ. ರೈಲಿಯೆಟಿಯೆಲ್ಲಾ ಕುಲದ ಕೆಲವು ಪ್ರಭೇದಗಳು ಮನೆಹಲ್ಲಿ ಮತ್ತು ಜಿರಳೆಗಳ ನಡುವೆ ಜೀವನಚಕ್ರವನ್ನು ನಡೆಸುತ್ತವೆ: ಹಲ್ಲಿಯ ಮಲದಲ್ಲಿರುವ ಮೊಟ್ಟೆಯನ್ನು ಜಿರಳೆ ತಿನ್ನುತ್ತದೆ, ಜಿರಳೆಯನ್ನು ಹಲ್ಲಿ ತಿನ್ನುತ್ತದೆ. ಮನೆಯಲ್ಲಿ ಓಡಾಡುವ ಜಿರಳೆಯನ್ನು ಹಿಡಿದು ಸಾಕುಹಲ್ಲಿಗೆ ಹಾಕಬಾರದು ಎನ್ನಲು ಇದು ಪ್ರಬಲ ಕಾರಣ. ಇದೇ ಕುಲದ ರೈಲಿಯೆಟಿಯೆಲ್ಲಾ ಓರಿಯೆಂಟಾಲಿಸ್ ಎಂಬ ಏಷ್ಯಾದ ಪ್ರಭೇದವು ಬರ್ಮಾ ಹೆಬ್ಬಾವುಗಳೊಂದಿಗೆ ಅಮೆರಿಕದ ಫ್ಲಾರಿಡಾವನ್ನು ಸೇರಿ, ಅಲ್ಲಿನ ಸ್ಥಳೀಯ ಹಾವುಗಳಿಗೂ ಹರಡಿದೆ.

ಅಮೀಬಾ ಸೋಂಕು

ಎಂಟಮೀಬಾ ಇನ್ವಾಡೆನ್ಸ್ ಎಂಬ ಅಮೀಬಾ ಅನೇಕ ಆಮೆಗಳಲ್ಲಿ ರೋಗಲಕ್ಷಣವಿಲ್ಲದೆ ಇರಬಲ್ಲದು. ಆದರೆ ಹಾವು ಮತ್ತು ಉಡಗಳಲ್ಲಿ ಕರುಳು, ಯಕೃತ್ತುಗಳನ್ನು ಹಾನಿಗೊಳಿಸಿ ಸಾವಿಗೆ ಕಾರಣವಾಗುತ್ತದೆ. ಆಮೆಯ ಗೂಡಿನಿಂದ ತಪ್ಪಿಸಿಕೊಂಡ ಜಿರಳೆಯು ಇದರ ಕೋಶಗಳನ್ನು ಇನ್ನೊಂದು ಗೂಡಿಗೆ ಸಾಗಿಸಬಹುದು. ಆಮೆ ಮತ್ತು ಹಾವುಗಳನ್ನು ದೂರದೂರ ಇಡಬೇಕೆಂಬ ನಿಯಮದ ಹಿನ್ನೆಲೆ ಇದು.

ಕೀಟಗಳಿಗಷ್ಟೇ ಸೀಮಿತವಾದ ರೋಗಗಳು

ಆಹಾರ ಕೀಟಗಳಲ್ಲಿ ಕಂಡುಬರುವ ಎಲ್ಲ ಸೋಂಕುಗಳೂ ಸರೀಸೃಪಗಳಿಗೆ ಅಪಾಯಕಾರಿಯಲ್ಲ. ಕೀಟದ ಕರುಳಿನಲ್ಲಿರುವ ಗ್ರೆಗರೈನ್ ಎಂಬ ಏಕಕೋಶ ಜೀವಿಗಳು ಮತ್ತು ಧಾನ್ಯದ ನುಸಿಗಳು ಕೀಟ ಸಾಕಣೆಗೆ ನಷ್ಟ ತರುತ್ತವೆಯೇ ಹೊರತು ಸರೀಸೃಪದಲ್ಲಿ ನೆಲೆಸುವುದಿಲ್ಲ. ಹೊರಗಿನಿಂದ ಹಿಡಿದ ಕ್ರಿಕೆಟ್ ಕೀಟದ ದೇಹದಿಂದ ಕೆಲವೊಮ್ಮೆ ಹೊರಬರುವ ಉದ್ದನೆಯ ಕೂದಲುಹುಳು ನೋಡಲು ಭಯ ಹುಟ್ಟಿಸಿದರೂ ಅದು ಕೀಟಗಳ ಪರಾವಲಂಬಿ. ಅಕೀಟಾ ಡೊಮೆಸ್ಟಿಕಸ್ ಡೆನ್ಸೊವೈರಸ್ ಎಂಬ ವೈರಸ್ 2009ರ ನಂತರದ ವರ್ಷಗಳಲ್ಲಿ ಉತ್ತರ ಅಮೆರಿಕದ ಕ್ರಿಕೆಟ್ ಕೀಟ ಸಾಕಣೆಯನ್ನು ತೀವ್ರವಾಗಿ ಬಾಧಿಸಿತು. ಆದರೆ ಅದರ ಹಾನಿ ಕೀಟಗಳಿಗಷ್ಟೇ ಸೀಮಿತವಾಗಿತ್ತು.

ಕರ್ನಾಟಕದ ರೇಷ್ಮೆ ಬೆಳೆಗಾರರಿಗೆ ಈ ಬಗೆಯ ಕೀಟರೋಗಗಳು ಹೊಸತಲ್ಲ. ರೇಷ್ಮೆ ಹುಳುಗಳಲ್ಲಿ ಕಂಡುಬರುವ ಪೆಬ್ರಿನ್ ಅಥವಾ ಗಂಟುರೋಗಕ್ಕೆ ನೊಸೆಮಾ ಬಾಂಬಿಸಿಸ್ ಎಂಬ ಸೂಕ್ಷ್ಮ ಪರಾವಲಂಬಿ ಕಾರಣ. ತಾಯಿ ಚಿಟ್ಟೆಯಿಂದ ಮೊಟ್ಟೆಯ ಮೂಲಕ ಮರಿಗಳಿಗೆ ಹರಡುವ ಈ ರೋಗವನ್ನು ತಡೆಯಲು, ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ವಿಧಾನವನ್ನು ಲೂಯಿ ಪಾಶ್ಚರ್ 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ರೂಪಿಸಿದರು. ರೋಗರಹಿತ ಮೊಟ್ಟೆಗಳ ಉತ್ಪಾದನೆ ಇಂದಿಗೂ ಇದೇ ತತ್ತ್ವವನ್ನು ಅವಲಂಬಿಸಿದೆ. ಆಹಾರ ಕೀಟಗಳ ಸಾಕಣೆಯಲ್ಲಿ ಇಂತಹ ಕ್ರಮಬದ್ಧ ತಪಾಸಣೆ ರೂಢಿಯಲ್ಲಿಲ್ಲ.

ಕೀಟ ಸಾಕಣೆ ಕೇಂದ್ರಗಳ ಸಮೀಕ್ಷೆ

ಪೋಲೆಂಡಿನ ಸಂಶೋಧಕರಾದ ರೆಮಿಗಿಯುಷ್ ಗಾವೆಂಟ್ಸ್ಕಿ ಮತ್ತು ರೈಮುಂಡ್ ಸೊಕೂವ್ 2019ರಲ್ಲಿ ಪ್ಲಾಸ್ ಒನ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವು ಈ ವಿಷಯದಲ್ಲಿ ಹೆಚ್ಚಾಗಿ ಉಲ್ಲೇಖಗೊಳ್ಳುತ್ತದೆ. ಮಧ್ಯ ಯುರೋಪಿನ 300 ಕೀಟ ಸಾಕಣೆಗಳನ್ನು ಅದರಲ್ಲಿ ಪರೀಕ್ಷಿಸಲಾಯಿತು. ಮೀಲ್‌ವರ್ಮ್, ಕ್ರಿಕೆಟ್ ಕೀಟ, ಮಡಗಾಸ್ಕರದ ಜಿರಳೆ ಮತ್ತು ವಲಸೆ ಮಿಡತೆ, ಇವುಗಳಲ್ಲಿ ಒಂದೊಂದಕ್ಕೂ 75 ಸಾಕಣೆಗಳನ್ನು ಆರಿಸಿಕೊಳ್ಳಲಾಗಿತ್ತು. 244 ಸಾಕಣೆಗಳಲ್ಲಿ, ಅಂದರೆ ಶೇ. 81.33ರಷ್ಟರಲ್ಲಿ, ಯಾವುದಾದರೊಂದು ಪರಾವಲಂಬಿ ಪತ್ತೆಯಾಯಿತು. 206 ಸಾಕಣೆಗಳಲ್ಲಿ ಕೀಟಗಳಿಗಷ್ಟೇ ರೋಗ ತರುವ ಪರಾವಲಂಬಿಗಳೂ, 106ರಲ್ಲಿ ಪ್ರಾಣಿಗಳಿಗೆ ಸೋಂಕು ತರುವ ಸಾಧ್ಯತೆಯುಳ್ಳವೂ, 91ರಲ್ಲಿ ಮನುಷ್ಯರಿಗೆ ಸೋಂಕು ತರುವ ಸಾಧ್ಯತೆಯುಳ್ಳವೂ ಕಂಡುಬಂದವು. ಒಂದೇ ಸಾಕಣೆಯಲ್ಲಿ ಹಲವು ಬಗೆಯ ಪರಾವಲಂಬಿಗಳಿದ್ದುದರಿಂದ ಈ ಸಂಖ್ಯೆಗಳು ಒಂದರ ಮೇಲೊಂದು ಹರಡಿಕೊಂಡಿವೆ.

ಈ ಅಂಕಿಗಳನ್ನು ಓದುವಾಗ ಎರಡು ಸಂಗತಿಗಳನ್ನು ಗಮನಿಸಬೇಕು. ಅನೇಕ ಪರಾವಲಂಬಿಗಳನ್ನು ಕುಲದ ಮಟ್ಟದಲ್ಲಿ ಮಾತ್ರ ಗುರುತಿಸಲಾಗಿದೆ; ಒಂದೇ ಕುಲದ ಎಲ್ಲ ಪ್ರಭೇದಗಳೂ ಸರೀಸೃಪಗಳಿಗೆ ಸೋಂಕು ತರುವುದಿಲ್ಲ. ಅಲ್ಲದೆ ಕೀಟದಲ್ಲಿ ಪರಾವಲಂಬಿ ಇರುವುದು ಬೇರೆ, ಅದನ್ನು ತಿಂದ ಪ್ರಾಣಿಗೆ ರೋಗ ಬರುವುದು ಬೇರೆ.

ಹೊರಗಿನಿಂದ ಹಿಡಿದ ಕೀಟಗಳು

ತೋಟ, ಹೊಲ ಅಥವಾ ಅಡುಗೆಮನೆಯಿಂದ ಹಿಡಿದ ಕೀಟಗಳಲ್ಲಿ ಮಧ್ಯಂತರ ಆತಿಥೇಯದ ಮೂಲಕ ಬರುವ ಪರಾವಲಂಬಿಗಳ ಸಂಭವ ಹೆಚ್ಚು. ಅಂತಹ ಕೀಟಗಳು ಕಾಡುಹಲ್ಲಿ, ಕಪ್ಪೆ, ಹಕ್ಕಿ, ಇಲಿಗಳ ಮಲದ ನಡುವೆ ಬದುಕಿರುತ್ತವೆ. ಕೀಟನಾಶಕದ ಶೇಷವೂ ಅವುಗಳ ಮೈಯಲ್ಲಿರಬಹುದು. ಕೆಲವು ಕೀಟಗಳು ಸ್ವತಃ ವಿಷಯುಕ್ತ: ಅಮೆರಿಕದ ಫೋಟಿನಸ್ ಕುಲದ ಮಿಂಚುಹುಳುಗಳನ್ನು ತಿಂದು ಗಡ್ಡದ ಡ್ರ್ಯಾಗನ್ ಹಲ್ಲಿಗಳು ಸತ್ತ ಪ್ರಕರಣಗಳು 1999ರಲ್ಲಿ ವೈಜ್ಞಾನಿಕವಾಗಿ ದಾಖಲಾಗಿವೆ.

ಲಕ್ಷಣಗಳು ಮತ್ತು ಪತ್ತೆ

ಸರೀಸೃಪಗಳು ಅನಾರೋಗ್ಯವನ್ನು ಬಹುಕಾಲ ತೋರ್ಪಡಿಸುವುದಿಲ್ಲ. ತೂಕ ಇಳಿಕೆ, ಆಹಾರ ನಿರಾಕರಣೆ, ನೀರಾದ ಅಥವಾ ದುರ್ವಾಸನೆಯ ಮಲ, ವಾಂತಿ, ಮರಿಗಳಲ್ಲಿ ಬೆಳವಣಿಗೆ ನಿಂತುಹೋಗುವುದು ಸಾಮಾನ್ಯ ಲಕ್ಷಣಗಳು. ನಾಲಿಗೆ ಹುಳುವಿನ ಸೋಂಕಿನಲ್ಲಿ ಉಸಿರಾಟದ ತೊಂದರೆ ಕಾಣಿಸಿಕೊಳ್ಳಬಹುದು. ಪ್ರಾಣಿಯನ್ನು ನಿಯತವಾಗಿ ತೂಗಿ ಬರೆದಿಡುವುದು ಬದಲಾವಣೆಯನ್ನು ಬೇಗ ಗುರುತಿಸಲು ನೆರವಾಗುತ್ತದೆ.

ಪತ್ತೆಗೆ ತಾಜಾ ಮಲದ ಪರೀಕ್ಷೆಯೇ ಆಧಾರ. ನೇರ ಲೇಪನ ವಿಧಾನದಲ್ಲಿ ಚಲಿಸುವ ಏಕಕೋಶ ಜೀವಿಗಳೂ, ತೇಲಿಕೆ ವಿಧಾನದಲ್ಲಿ ಹುಳುಗಳ ಮೊಟ್ಟೆ ಹಾಗೂ ಕಾಕ್ಸಿಡಿಯಾ ಕೋಶಗಳೂ ಕಾಣುತ್ತವೆ. ಕ್ರಿಪ್ಟೊಸ್ಪೊರಿಡಿಯಮ್ ಪತ್ತೆಗೆ ವಿಶೇಷ ಬಣ್ಣಲೇಪನ ಅಥವಾ ಪಿಸಿಆರ್ ಪರೀಕ್ಷೆ ಬೇಕಾಗುತ್ತದೆ. ಕೋಶಗಳು ಪ್ರತಿದಿನವೂ ಹೊರಬೀಳದ ಕಾರಣ ಒಂದು ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ ಸೋಂಕಿಲ್ಲವೆಂದು ತೀರ್ಮಾನಿಸಲಾಗದು. ಕೆಲವು ವಾರಗಳ ಅಂತರದಲ್ಲಿ ಪರೀಕ್ಷೆಯನ್ನು ಮರುಕಳಿಸಬೇಕು. ಪ್ರಾಣಿಗೆ ಯಾವ ಕೀಟಗಳನ್ನು ಕೊಡಲಾಗಿದೆ ಎಂಬುದನ್ನು ಪಶುವೈದ್ಯರಿಗೆ ತಿಳಿಸಿದರೆ ಹುಸಿ ಪರಾವಲಂಬಿಗಳನ್ನು ಬೇರ್ಪಡಿಸುವುದು ಸುಲಭವಾಗುತ್ತದೆ.

ಚಿಕಿತ್ಸೆ

ಚಿಕಿತ್ಸೆಯು ಪರಾವಲಂಬಿಯ ಬಗೆಯನ್ನು ಅವಲಂಬಿಸಿದೆ. ದುಂಡುಹುಳುಗಳಿಗೆ ಫೆನ್‌ಬೆಂಡಜೋಲ್, ಲಾಡಿಹುಳುಗಳಿಗೆ ಪ್ರಾಜಿಕ್ವಾಂಟೆಲ್, ಕಾಕ್ಸಿಡಿಯಾಕ್ಕೆ ಟಾಲ್ಟ್ರಾಜುರಿಲ್ ಅಥವಾ ಪೊನಾಜುರಿಲ್ ಬಳಕೆಯಲ್ಲಿವೆ. ಸರೀಸೃಪದ ಪ್ರಭೇದ, ತೂಕ ಮತ್ತು ದೇಹದ ನೀರಿನಂಶವನ್ನು ನೋಡಿ ಪಶುವೈದ್ಯರು ಪ್ರಮಾಣವನ್ನು ನಿರ್ಧರಿಸುತ್ತಾರೆ. ಫೆನ್‌ಬೆಂಡಜೋಲ್ ಅತಿಯಾದರೆ ಅಸ್ಥಿಮಜ್ಜೆಗೆ ಹಾನಿಯಾಗಬಲ್ಲದು. ಹಸು, ನಾಯಿಗಳಿಗೆ ಸಾಮಾನ್ಯವಾಗಿ ಕೊಡುವ ಐವರ್‌ಮೆಕ್ಟಿನ್ ಆಮೆಗಳಿಗೆ ಮಾರಕ. ಮಲದಲ್ಲಿ ಏನನ್ನೂ ಗುರುತಿಸದೆ ಮುನ್ನೆಚ್ಚರಿಕೆಯೆಂದು ಜಂತುಹುಳುವಿನ ಔಷಧ ಕೊಡುವುದು ಈ ಕಾರಣಗಳಿಂದ ಸೂಕ್ತವಲ್ಲ. ಗೂಡನ್ನು ಶುಚಿಗೊಳಿಸದೆ ಔಷಧವನ್ನಷ್ಟೇ ಕೊಟ್ಟರೆ ನೇರ ಜೀವನಚಕ್ರದ ಪರಾವಲಂಬಿಗಳು ಮತ್ತೆ ಮರಳುತ್ತವೆ.

ತಡೆಗಟ್ಟುವಿಕೆ

- ಪ್ರಾಣಿ ಕೆಲವೇ ನಿಮಿಷಗಳಲ್ಲಿ ತಿನ್ನುವಷ್ಟು ಕೀಟಗಳನ್ನು ಮಾತ್ರ ಗೂಡಿಗೆ ಬಿಡಬೇಕು. ಉಳಿದವನ್ನು ಅಂದೇ ತೆಗೆಯಬೇಕು. ರಾತ್ರಿಯಿಡೀ ಉಳಿದ ಕ್ರಿಕೆಟ್ ಕೀಟಗಳು ಮಲವನ್ನು ಮೇಯುವುದಲ್ಲದೆ ನಿದ್ರಿಸುತ್ತಿರುವ ಹಲ್ಲಿಯನ್ನೂ ಕಚ್ಚುತ್ತವೆ.
- ಒಂದು ಗೂಡಿನಿಂದ ತೆಗೆದ ಕೀಟಗಳನ್ನು ಇನ್ನೊಂದು ಗೂಡಿಗಾಗಲಿ, ಮೂಲ ಪೆಟ್ಟಿಗೆಗಾಗಲಿ ಹಾಕಬಾರದು.
- ಮಲವನ್ನು ಪ್ರತಿದಿನ ತೆಗೆಯಬೇಕು. ಪ್ರತಿ ಗೂಡಿಗೂ ಬೇರೆ ಚಿಮಟ, ಬೇರೆ ನೀರಿನ ಬಟ್ಟಲು ಇರಬೇಕು.
- ಹೊಸದಾಗಿ ತಂದ ಸರೀಸೃಪವನ್ನು ಕನಿಷ್ಠ ಕೆಲವು ವಾರಗಳ ಕಾಲ ಬೇರೆ ಕೋಣೆಯಲ್ಲಿಟ್ಟು, ಮಲ ಪರೀಕ್ಷೆಯ ನಂತರವೇ ಉಳಿದವುಗಳ ಬಳಿ ತರಬೇಕು. ಅದರ ಆರೈಕೆಯನ್ನು ದಿನದ ಕೊನೆಗೆ ಮಾಡಬೇಕು.
- ಕೀಟಗಳ ಪೆಟ್ಟಿಗೆಯಲ್ಲಿ ಸತ್ತ ಕೀಟಗಳನ್ನು ತೆಗೆಯುತ್ತಾ, ಒಣ ಆಹಾರವನ್ನು ಬದಲಿಸುತ್ತಾ ಇರಬೇಕು.
- ಕ್ರಿಪ್ಟೊಸ್ಪೊರಿಡಿಯಮ್ ಇದ್ದ ಗೂಡಿನ ಮರ, ಮಣ್ಣುಗಳನ್ನು ಎಸೆಯಬೇಕು. ಗಾಜು ಮತ್ತು ಪಾತ್ರೆಗಳಿಗೆ ಕುದಿಯುವ ನೀರು, ಹಬೆ ಅಥವಾ ಅಮೋನಿಯಾ ದ್ರಾವಣವನ್ನು ಬಳಸಬೇಕು. ಅಮೋನಿಯಾವನ್ನು ಬ್ಲೀಚಿನೊಂದಿಗೆ ಬೆರೆಸಿದರೆ ವಿಷಾನಿಲ ಹೊರಡುವುದರಿಂದ ಎರಡನ್ನೂ ಎಂದಿಗೂ ಒಟ್ಟಿಗೆ ಬಳಸಬಾರದು.

ಮನುಷ್ಯರ ಆರೋಗ್ಯ

ಹಲ್ಲಿ ಮತ್ತು ಹಾವುಗಳನ್ನು ಬಾಧಿಸುವ ಮೇಲಿನ ಎರಡು ಕ್ರಿಪ್ಟೊಸ್ಪೊರಿಡಿಯಮ್ ಪ್ರಭೇದಗಳು ಮನುಷ್ಯರಲ್ಲಿ ರೋಗ ತರುವ ಪ್ರಭೇದಗಳೆಂದು ಪರಿಗಣಿತವಾಗಿಲ್ಲ. ಸರೀಸೃಪಗಳಿಂದ ಮನುಷ್ಯರಿಗೆ ಬರುವ ಮುಖ್ಯ ಅಪಾಯ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ. ಈ ಕಾರಣಕ್ಕಾಗಿ ಅಮೆರಿಕ ಸಂಯುಕ್ತ ಸಂಸ್ಥಾನವು 1975ರಲ್ಲಿ 4 ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕುಪ್ರಾಣಿಗಳಾಗಿ ಮಾರುವುದನ್ನು ನಿಷೇಧಿಸಿತು. ಪ್ರಾಣಿ, ಕೀಟ ಅಥವಾ ಗೂಡನ್ನು ಮುಟ್ಟಿದ ನಂತರ ಸೋಪಿನಿಂದ ಕೈ ತೊಳೆಯಬೇಕು. ಗೂಡಿನ ಪಾತ್ರೆಗಳನ್ನು ಅಡುಗೆಮನೆಯಲ್ಲಿ ತೊಳೆಯಬಾರದು. ಜಿರಳೆಗಳ ಹಾಗೂ ಕೀಟಗಳ ಮಲದ ಧೂಳು ಕೆಲವರಲ್ಲಿ ಅಲರ್ಜಿ ಮತ್ತು ಆಸ್ತಮಾವನ್ನು ಕೆರಳಿಸುತ್ತದೆ.

ಭಾರತದಲ್ಲಿ

ನಕ್ಷತ್ರ ಆಮೆ, ಉಡ, ಹೆಬ್ಬಾವು ಮುಂತಾದ ಭಾರತೀಯ ಸರೀಸೃಪಗಳನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. 2022ರ ತಿದ್ದುಪಡಿಯು ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದಡಿ ಬರುವ ವಿದೇಶಿ ಪ್ರಭೇದಗಳನ್ನು ಕಾಯ್ದೆಯ ವ್ಯಾಪ್ತಿಗೆ ತಂದಿತು. ಅವುಗಳ ನೋಂದಣಿಗೆ 2024ರಲ್ಲಿ ನಿಯಮಗಳು ಪ್ರಕಟವಾದವು. ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಸೇರಿದಂತೆ ದೇಶದ ಹಲವೆಡೆ ಕಳ್ಳಸಾಗಣೆಯ ಸರೀಸೃಪಗಳನ್ನು ಸೀಮಾಸುಂಕ ಅಧಿಕಾರಿಗಳು ವಶಪಡಿಸಿಕೊಂಡಿದ್ದಾರೆ. ಕಳ್ಳದಾರಿಯಲ್ಲಿ ಬರುವ ಪ್ರಾಣಿಗಳು ಪ್ರತ್ಯೇಕವಾಸ ಮತ್ತು ವೈದ್ಯಕೀಯ ತಪಾಸಣೆಗೆ ಒಳಪಡುವುದಿಲ್ಲ. ಅವು ಕಾಡಿನಿಂದ ಹಿಡಿದವಾಗಿದ್ದರೆ ಅಲ್ಲಿನ ಪರಾವಲಂಬಿಗಳನ್ನೂ ಹೊತ್ತು ತರುತ್ತವೆ. ಆ ಸೋಂಕು ಗೂಡಿನ ಕೀಟಗಳ ಮೂಲಕ ಮನೆಯ ಇತರ ಪ್ರಾಣಿಗಳನ್ನು ತಲುಪಬಹುದು.

ಇದನ್ನೂ ನೋಡಿ

- ಸರೀಸೃಪ
- ಪರಾವಲಂಬನೆ
- ಜಿರಳೆ
- ರೇಷ್ಮೆ ಕೃಷಿ
- ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972